ಬೋಣಿಗೆಗೆ ಹೋದ ಡಗ್ಗಾ

ನಮ್ಮಪ್ಪ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದನ್ನು ಓದಿ ನೀವು ಹಾಗೆಂದುಕೊಳ್ಳಬಹುದು. ಸೊಲ್ಲಾಪುರದ ಹಿತ್ತಾಳೆ-ತಾಮ್ರದ ಅಂಗಡಿಗಳ ಸಾಲಿನಲ್ಲಿ ಅವನ ತಕ್ಕಡಿಯ ಬಗ್ಗೆ ಯಾರೂ ಎರಡು ಮಾತು ಆಡಿದವರಲ್ಲ. ಹೆಣ್ಣುಮಗಳು ಒಬ್ಬಳೇ ಬಂದರೂ ಸರಿಯಾದ ತೂಕ ಕೊಟ್ಟು ಕಳಿಸುವವನು ಎಂದು ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಪರರ ಸೊತ್ತಿಗೆ ಅವನು ಕೈ ಹಾಕಿದವನಲ್ಲ. ಅವನ ಕೈ ಬೀಳುತ್ತಿದ್ದುದು ಮನೆಯವರ ಸೊತ್ತಿನ ಮೇಲೆ ಮಾತ್ರ.

ಅದಕ್ಕೆ ಕಾರಣ ಬೋಣಿಗೆ. ಬೆಳಗ್ಗೆ ಅಂಗಡಿ ತೆರೆದ ಮೇಲೆ ಬರುವ ಮೊದಲ ಗಿರಾಕಿ ಬರಿಗೈಯಲ್ಲಿ ಮೆಟ್ಟಿಲಿಳಿದರೆ, ಇಡೀ ದಿನ ಲಕ್ಷ್ಮಿ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಪೇಟೆಯವರೆಲ್ಲ ನಂಬಿದ್ದರು. ಉಳಿದವರು ನಂಬಿ, ಆ ಗಿರಾಕಿಗೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಸುಮ್ಮನಾಗುತ್ತಿದ್ದರು. ನಮ್ಮಪ್ಪ ಅಷ್ಟಕ್ಕೆ ನಿಲ್ಲುವವನಲ್ಲ. ಮೊದಲ ಗಿರಾಕಿ ಏನು ಕೇಳಿದರೂ ಅವನ ಬಾಯಿಂದ ಇಲ್ಲ ಎಂಬ ಮಾತು ಬರುತ್ತಿರಲಿಲ್ಲ. ಕೇಳಿದ್ದು ಅಂಗಡಿಯಲ್ಲಿ ಇರದಿದ್ದರೆ ಎದ್ದು ಒಳಗೆ ಹೋಗುತ್ತಿದ್ದ. ಒಳಗೆ ಅಂದರೆ ನಮ್ಮ ಮನೆ. ಮುಂದೆ ಅಂಗಡಿ, ನಡುವೆ ಒಂದು ಹೊಸ್ತಿಲು, ಹೊಸ್ತಿಲ ಹಿಂದೆ ಅವ್ವ, ನಾನು ಮತ್ತು ನಮ್ಮ ಅಷ್ಟಿಷ್ಟು ಸಾಮಾನು. ಆ ಹೊಸ್ತಿಲು ಅಪ್ಪನ ಕಣ್ಣಿಗೆ ಒಂದು ದಿನವೂ ಬಿದ್ದಂತಿರಲಿಲ್ಲ.

ಅವ್ವ ಹಾಲಿಗೆಂದು ತೆಗೆದಿಟ್ಟ ಪಾತ್ರೆ ಹಾಗೆ ಹೋಯಿತು. ದೇವರ ಗಂಟೆ ಹೋಯಿತು. ನಾನು ಸಾಲೆಗೆ ರೊಟ್ಟಿ ಒಯ್ಯುತ್ತಿದ್ದ ಡಬ್ಬಿ ಹೋದ ದಿನ ಅದರಲ್ಲಿ ರೊಟ್ಟಿ ಇನ್ನೂ ಬಿಸಿಯಾಗಿತ್ತು. ಅಂಗಡಿ ತುಂಬ ಡಬ್ಬಿಗಳಿದ್ದವು, ಆದರೆ ಆ ಗಿರಾಕಿಯ ಕಣ್ಣು ನನ್ನ ಕೈಯಲ್ಲಿದ್ದುದರ ಮೇಲೆ ಬಿದ್ದಿತ್ತು. ಅಪ್ಪ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ನನಗೆ ಕೊಟ್ಟ, ಡಬ್ಬಿಯನ್ನು ಧೋತರದ ತುದಿಯಿಂದ ಒರೆಸಿ ಅವನಿಗೆ ಕೊಟ್ಟ. ನಾನು ಮುಖ ಊದಿಸಿಕೊಂಡು ನಿಂತಿದ್ದನ್ನು ನೋಡಿ ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಯಾಕ ಮಾರಿ ಉಬ್ಬಿಸಿದಿ? ಇನ್ನೊಂದ ತಗೋ. ಅಂಗಡಿ ತುಂಬ ಅದಾವಲ್ಲ" ಅಂದ.

ಅಪ್ಪನ ಪ್ರಕಾರ ಒಂದು ಡಬ್ಬಿಗೆ ಇನ್ನೊಂದು ಡಬ್ಬಿ ಸಮ. ನನ್ನ ಡಬ್ಬಿಯ ಮುಚ್ಚಳ ತೆರೆಯುವಾಗ ಒಂದು ತರಹ ಕಿರುಗುಡುತ್ತಿತ್ತು, ಸಾಲೆಯಲ್ಲಿ ಆ ಸದ್ದು ಕೇಳಿದರೆ ಗೆಳೆಯರು ತಿರುಗಿ ನೋಡುತ್ತಿದ್ದರು. ಇಂಥದನ್ನೆಲ್ಲ ಅವನಿಗೆ ಹೇಗೆ ಹೇಳುವುದು? ಹೇಳಿದ್ದರೆ, ಕಿರುಗುಡುವ ಮುಚ್ಚಳವನ್ನು ಗಿರಾಕಿಗೆ ಕೊಟ್ಟೆನಲ್ಲ ಎಂದು ಓಡಿಹೋಗಿ ಅವನಿಗೇ ಬೇರೆ ಕೊಟ್ಟು ಬರುತ್ತಿದ್ದನೇನೋ!

ಅವ್ವ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಳು. ಹೊಸ ಪಾತ್ರೆ ಒಳಗೆ ಬಂದ ತಕ್ಷಣ ಬೇಕಿರಲಿ ಬೇಡವಾಗಿರಲಿ, ಅದನ್ನು ಒಲೆಯ ಮೇಲಿಟ್ಟು ಅಡಿ ಕಪ್ಪಾಗುವ ತನಕ ಉರಿ ಹಾಕುತ್ತಿದ್ದಳು. ಮಸಿ ಹಿಡಿದ ಪಾತ್ರೆಯನ್ನು ಗಿರಾಕಿಯ ಮುಂದಿಡಲು ಅಪ್ಪನಿಗೆ ನಾಚಿಕೆ. "ಮಾರಿ ತೊಳಕೊಂಡದ್ದು ಈ ಮನ್ಯಾಗ ಉಳಿಯೂದಿಲ್ಲ ತಮ್ಮಾ, ಮಸಿ ಬಡಕೊಂಡದ್ದ ಉಳೀತೈತಿ" ಎಂದು ನನಗೆ ಹೇಳುತ್ತಿದ್ದಳು. ಇನ್ನೊಮ್ಮೆ ಸಿಟ್ಟು ಬಂದಾಗ, "ಗಿರಾಕಿ ಕೇಳಿದ್ರ ನನ್ನೂ ತಕ್ಕಡ್ಯಾಗ ಕುಂದ್ರಸ್ತಾರ ನಿಮ್ಮಪ್ಪಾರು" ಅಂದಳು. ಅಪ್ಪ ಅಂಗಡಿಯಿಂದಲೇ ಅದನ್ನು ಕೇಳಿಸಿಕೊಂಡು ನಕ್ಕ.

ನನ್ನ ಉಪಾಯ ಬೇರೆ. ಆಗ ನಮ್ಮ ಕಡೆ ಯಾವ ಪಾತ್ರೆ ಕೊಂಡರೂ ಅದರ ಮೇಲೆ ಹೆಸರು ಹಾಕಿಸದೆ ಯಾರೂ ಒಯ್ಯುತ್ತಿರಲಿಲ್ಲ. ಮದುವೆಗೆ ಕೊಡುವ ಕೊಡವಾದರೆ ಕೊಟ್ಟ ಸೋದರಮಾವನ ಹೆಸರು, ಗುಡಿಗೆ ಕೊಡುವ ಹಂಡೆಯಾದರೆ ತೀರಿಕೊಂಡ ಹಿರಿಯರ ಹೆಸರು. ಸಣ್ಣ ಉಳಿಯನ್ನು ಲೋಹದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ, ಚುಕ್ಕೆಯ ಪಕ್ಕ ಚುಕ್ಕೆ ಕೂಡಿಸಿ ಅಕ್ಷರ ಮೂಡಿಸಬೇಕು. ಹದಿಮೂರು ಹದಿನಾಲ್ಕರ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಆ ಕೆಲಸ ನನ್ನದಾಗಿತ್ತು. ಪಟ್ಟಣದವರಿಗೆ ಮರಾಠಿಯಲ್ಲಿ, ಹಳ್ಳಿಯಿಂದ ಬಂದ ನಮ್ಮವರು ಕೇಳಿದರೆ ಕನ್ನಡದಲ್ಲಿ. ಸಾಲೆಯಲ್ಲಿ ಕಲಿತದ್ದೆಲ್ಲ ಮರಾಠಿ. ಕನ್ನಡದ ಅಕ್ಷರ ಕಲಿಸಿದವನು ಅಕ್ಕಲಕೋಟೆಯಲ್ಲಿದ್ದ ಅಜ್ಜ, ಅವ್ವನ ಅಪ್ಪ.

ಹೆಸರು ಬಿದ್ದ ಪಾತ್ರೆಯನ್ನು ಮಾನವಂತರು ಮಾರುವುದಿಲ್ಲ. ಮಾರಿದರೆ, ಇವರ ಮನೆ ಮುಳುಗಿತು ಎಂದು ಜನ ತಿಳಿಯುತ್ತಾರೆ. ಹಾಗೆ ಮುಳುಗಿದವರೂ ನಮ್ಮ ಅಂಗಡಿಗೆ ಬರುತ್ತಿದ್ದರು, ಪಾತ್ರೆಗಳನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು. ಅಂಥವರು ಬಂದಾಗ ಅಪ್ಪ ತೂಕಕ್ಕೆ ಹಾಕುವ ಮೊದಲೇ ಆ ಹೆಸರನ್ನು ತಾನೇ ಸುತ್ತಿಗೆಯಿಂದ ಬಡಿದು ಅಳಿಸುತ್ತಿದ್ದ. ಪಕ್ಕದ ಅಂಗಡಿಯವರು ಓದಬಾರದಲ್ಲ. ಮಂದಿಯ ಮಾನದ ಬಗ್ಗೆ ಇಷ್ಟು ಸೂಕ್ಷ್ಮವಿದ್ದವನು ಮಗನ ಡಬ್ಬಿಯ ವಿಷಯದಲ್ಲಿ ಹಾಗೇಕಿದ್ದ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಏನೇ ಇರಲಿ, ನನಗೆ ದಾರಿ ಸಿಕ್ಕಿತ್ತು. ನನ್ನ ಕೈಗೆ ಬಂದ ಪ್ರತಿಯೊಂದರ ಮೇಲೂ ನನ್ನ ಹೆಸರು ಕೊರೆದೆ. ತಾಟು, ವಾಟಿ, ಮಸಿಯ ದೌತಿಯ ಮುಚ್ಚಳ, ಕೊನೆಗೆ ಪೆಟ್ಟಿಗೆಯ ಕೀಲಿಯ ಮೇಲೂ. ಅಪ್ಪ ಮೊದಲು ನಕ್ಕ, ಆಮೇಲೆ ಗೊಣಗಿದ, "ಚಲೋ ಮಾಲು ಕೆಡಸಾಕತ್ತಿ ನೋಡು." ಆದರೆ ಹೆಸರಿದ್ದ ಒಂದೂ ವಸ್ತುವಿಗೆ ಅವನು ಕೈ ಹಚ್ಚಲಿಲ್ಲ. ಅವನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳಿದೆ ಎಂದು ಒಳಗೊಳಗೇ ಬೀಗಿದೆ.

ನಾನು ಹೆಸರು ಹಾಕದೆ ಬಿಟ್ಟದ್ದು ಒಂದೇ ವಸ್ತು, ನನ್ನ ಡಗ್ಗಾ.

ತಬಲಾ ಜೋಡಿಯಲ್ಲಿ ಎಡಗೈಗೆ ಇರುವ ದಪ್ಪ ಹೊಟ್ಟೆಯದು. ಅಜ್ಜನಿಗೆ ಕುರನೂರಿನಲ್ಲಿ ಹೊಲ, ಅಕ್ಕಲಕೋಟೆಯಲ್ಲಿ ಮನೆ, ಬದುಕೆಲ್ಲ ಭಜನೆಯಲ್ಲಿ. ರಜೆಗೆ ಹೋದಾಗಲೆಲ್ಲ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಾರಿಸಲು ಕಲಿಸಿದ. ನನ್ನ ಕೈ ಕುದುರಿದೆ ಎಂದು ಅನ್ನಿಸಿದ ವರ್ಷ, ತಾಮ್ರದ ಪಾತ್ರೆ ಬಡಿಯುವ ತಾಂಬಟನ ಮುಂದೆ ತಾನೇ ಕೂತು ತಾಮ್ರದ ಡಗ್ಗಾ ಬಡಿಸಿ, ಚರ್ಮ ಕಟ್ಟಿಸಿ, ಕಟ್ಟಿಗೆಯ ತಬಲಾದ ಜೊತೆಗೆ ನನಗೆ ಕೊಟ್ಟ. ಅಕ್ಕಲಕೋಟೆ ಸ್ಟೇಶನ್ನಿನ ತನಕ ಟಾಂಗಾದಲ್ಲಿ, ಅಲ್ಲಿಂದ ಸೊಲ್ಲಾಪುರದ ತನಕ ರೈಲಿನಲ್ಲಿ, ಅದನ್ನು ನಾನು ತೊಡೆಯಿಂದ ಇಳಿಸಲಿಲ್ಲ. ಕೊಡುವಾಗ ಅಜ್ಜ ಹೇಳಿದ್ದ ಮಾತು ಇಷ್ಟೇ: "ನೀ ಹೆಸರ ಕೊರಿಯಾಂವ ಅದೀ ಅಂತ ಗೊತ್ತೈತಿ. ಇದಕ್ಕ ಉಳಿ ಹಚ್ಚಬ್ಯಾಡ. ಜೋರ ಪೆಟ್ಟ ಬಿದ್ರ ದನಿ ಒಡೀತೈತಿ."

ನಾನು ಹಚ್ಚಲಿಲ್ಲ. ಬೆಳಗ್ಗೆ ಗಿರಣಿಯ ಭೋಂಗಾ ಕೂಗಿದ ಮೇಲೆ ಅಂಗಡಿಯ ಬಾಗಿಲು ತೆಗೆದು ಕಸ ಹೊಡೆದು, ಅಪ್ಪ ಪೂಜೆ ಮುಗಿಸಿ ಬರುವ ತನಕ ಗಾದಿಯ ಮೇಲೆ ಕೂತು ಬಾರಿಸುತ್ತಿದ್ದೆ. ಸುತ್ತ ತೂಗುಹಾಕಿದ ಪಾತ್ರೆಗಳೆಲ್ಲ ಆ ದನಿಗೆ ಸಣ್ಣಗೆ ಗುಂಯ್ ಅನ್ನುತ್ತಿದ್ದವು. ಹಿತ್ತಾಳೆ ಅಂಗಡಿಯಲ್ಲಿ ಹುಟ್ಟಿದ್ದಕ್ಕೆ ನನಗೆ ಸಿಕ್ಕ ಸುಖ ಅದೊಂದೇ. ಅಪ್ಪ ಬಂದರೂ ತಕ್ಷಣ ಏಳಿಸುತ್ತಿರಲಿಲ್ಲ. ಹೊಸ್ತಿಲ ಬಳಿ ನಿಂತು ತುಸು ಹೊತ್ತು ಕೇಳಿ, ಆಮೇಲೆ ಕೆಮ್ಮುತ್ತಿದ್ದ.

ಆ ದಿನ ಬಾರಿಸಿ, ಜೋಡಿಯನ್ನು ಗಾದಿಯ ಮೇಲೆಯೇ ಬಿಟ್ಟು, ಅಂಗಡಿಯ ಮುಂದೆ ಚಿಮುಕಿಸಲು ನೀರು ತರಲು ಹೋದೆ. ಬಾವಿಯ ಬಳಿ ಗದ್ದಲವಿತ್ತು. ನೀರು ಹೊತ್ತು ಬಂದಾಗ ಅಂಗಡಿಯಲ್ಲಿ ತಲೆಗೆ ದೊಡ್ಡ ರುಮಾಲು ಸುತ್ತಿದ ಒಬ್ಬ ರೈತ ಕೂತಿದ್ದ. ನನ್ನ ಡಗ್ಗಾ ಅವನ ತೊಡೆಯ ಮೇಲಿತ್ತು. ಭಂಡಾರಕವಠೆಯವನಂತೆ. ಅವರ ಊರ ಭಜನೆಯ ಡಗ್ಗಾ ಬಂಡಿಯಿಂದ ಬಿದ್ದು ಗಾಲಿಗೆ ಸಿಕ್ಕು ಅಪ್ಪಚ್ಚಿಯಾಗಿತ್ತು. ಹಿಟ್ಟು ನಾದುವ ಪರಾತ ಕೊಳ್ಳಲು ಬಂದವನು ಇದನ್ನು ಕಂಡು ಪರಾತ ಮರೆತಿದ್ದ. ಒರಟು ಅಂಗೈಯಿಂದ ಅದನ್ನೊಮ್ಮೆ ತಟ್ಟಿ, ದನಿ ಕೇಳಿ, ಅಪ್ಪನ ಕಡೆ ನೋಡಿ ಬಾಯ್ತುಂಬ ನಕ್ಕ.

"ಕೊಟ್ಟಂಗ ಆತಲ್ರೀ ಸಾವಕಾರ್ರ?"

"ಹೌದ್ರಿ. ನಿಮ್ದ ಬೋಣಗಿ" ಅಂದ ಅಪ್ಪ. ಆಮೇಲೆ ನನ್ನನ್ನು ಕಂಡ. "ಹುಡುಗ ಬಂದ ನೋಡ್ರಿ. ತಮ್ಮಾ, ಉಳಿ ತಗೊಂಡ ಬಾ. ಇದಕ್ಕ ಹೆಸರ ಹಾಕಬೇಕಂತ."

ನಾನು ಕೊಡ ಇಳಿಸದೆ ನಿಂತೆ. ಅಪ್ಪ ನನ್ನನ್ನೇ ನೋಡುತ್ತಿದ್ದ, ಸಾಮಾನ್ಯಕ್ಕಿಂತ ತುಸು ಹೆಚ್ಚು ಹೊತ್ತು. ಅಜ್ಜನ ಮಾತು ನನ್ನ ಬಾಯಲ್ಲೇ ಇತ್ತು. ಉಳಿ ಹಚ್ಚಿದರೆ ದನಿ ಒಡೆಯುತ್ತದೆ ಎಂದರೆ ಸಾಕಿತ್ತು, ಆ ರೈತ ತಾನಾಗಿಯೇ ಹಿಂದೆ ಸರಿಯುತ್ತಿದ್ದನೇನೋ. ಆದರೆ ಗಿರಾಕಿಯ ಮುಂದೆ ಬಾಯಿ ಬಿಚ್ಚಬಾರದು ಎಂದು ನನಗೆ ನಡೆಯಲು ಬಂದಾಗಿನಿಂದ ಕಲಿಸಿದ್ದರು. ಇನ್ನೊಂದು, ಸಿಟ್ಟು. ಕೇಳದೆ ಕೊಟ್ಟವನೇ ಬಿಡಿಸಲಿ, ನಾನೇಕೆ ಬೇಡಬೇಕು ಎಂಬ ಸಿಟ್ಟು. ಉಳಿ ತಂದು ಕೂತೆ.

"ನಮ್ಮಪ್ಪನ ಹೆಸರ ಹಾಕು ತಮ್ಮಾ" ಅಂದ ರೈತ. "ತೀರಿಕೊಂಡ ಹ್ವಾದ ವರ್ಷ. ಭಜನ್ಯಾಗ ತಾಳ ಹಿಡೀತಿದ್ದ. ನಮ್ಮ ಅಕ್ಷರದಾಗ ಹಾಕಪಾ, ಮರಾಠ್ಯಾಗ ಬ್ಯಾಡ. ಅಂವಗ ಮರಾಠಿ ತಿಳೀತಿದ್ದಿಲ್ಲ."

ಆ ತೀರಿಕೊಂಡವನಿಗೆ ಕನ್ನಡವಾದರೂ ಓದಲು ಬರುತ್ತಿತ್ತೋ ಇಲ್ಲವೋ. ನಾನು ಹೂಂ ಅಂದೆ. ಡಗ್ಗಾವನ್ನು ತೊಡೆಯ ಮೇಲಿಟ್ಟುಕೊಂಡು, ಉಳಿಯನ್ನು ಆನಿಸಿ ಆನಿಸದ ಹಾಗೆ ಹಿಡಿದು, ಸುತ್ತಿಗೆಯನ್ನು ಬರೀ ಭಾರಕ್ಕೆ ಬೀಳಲು ಬಿಟ್ಟೆ. ಅಕ್ಷರ ಮೂಡಿತು, ಕಣ್ಣಿಗೆ ಕಾಣುವಷ್ಟು ಮಾತ್ರ. ಚರ್ಮಕ್ಕೆ ಕಿವಿ ಹಚ್ಚಿ ತಟ್ಟಿ ನೋಡಿದೆ, ದನಿಗೆ ಏನೂ ಆಗಿರಲಿಲ್ಲ. ಇಷ್ಟು ಹಗುರವಾಗಿ ನನ್ನ ಹೆಸರನ್ನೇ ಮೊದಲು ಹಾಕಿಕೊಳ್ಳಬಹುದಿತ್ತಲ್ಲ ಎಂಬುದು ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸಿದ. ಒರೆಸುವಾಗ ಅವನ ಹೆಬ್ಬೆರಳು ಅಕ್ಷರಗಳ ಮೇಲೆ ಹಾಯಿತು, ಅಲ್ಲೇ ನಿಂತಿತು. ಮೂವತ್ತು ವರ್ಷ ಪಾತ್ರೆ ಮುಟ್ಟಿದ ಬೆರಳು ಅದು. ನನ್ನ ಕಡೆ ನೋಡಿದ. ಆದರೂ ಡಗ್ಗಾವನ್ನು ಗಿರಾಕಿಯ ಕೈಗೆ ಕೊಟ್ಟ. ರೈತ ಅದನ್ನು ಹಣೆಗೊತ್ತಿಕೊಂಡು, ರುಮಾಲು ಬಿಚ್ಚಿ ಅದರಲ್ಲಿ ಸುತ್ತಿ, ಬರಿ ತಲೆಯಲ್ಲೇ ಮೆಟ್ಟಿಲಿಳಿದು ಹೋದ.

"ಯಾಕ ಅಷ್ಟ ಹಗೂರ ಬಡದಿ?" ಅಪ್ಪ ಕೇಳಿದ. "ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ವರ್ಷದಾಗ ಅಳಿಸಿ ಹೋಗತೈತಿ."

"ಜೋರ ಬಡದ್ರ ದನಿ ಒಡೀತೈತಿ. ಅಜ್ಜ ಹೇಳ್ಯಾನ."

"ಅದನ್ನ ಆಗ ಯಾಕ ಅನಲಿಲ್ಲ?"

"ಗಿರಾಕಿ ಮುಂದ ಬಾಯಿ ಬಿಚ್ಚಬ್ಯಾಡ ಅಂತ ಹೇಳಿದಾಂವ ನೀನ ಅಲ್ಲೇನಪಾ?"

ಅಪ್ಪ ಗಾದಿಯ ಮೇಲೆ ಕೂತುಬಿಟ್ಟ. "ಬೋಣಗಿ ಹೊತ್ತಿನ್ಯಾಗ ನನಗ ಇಲ್ಲ ಅನ್ನಾಕ ಬರೂದಿಲ್ಲೋ. ನನ್ನ ಬಾಯಾಗ ಅದು ಹೊರಡೂದ ಇಲ್ಲ. ನೀ ಒಂದ ಮಾತ ಅಂದಿದ್ರ, ಹುಡುಗ ಹಟಾ ಹಿಡದಾನ್ರಿ ಅಂತ ಹೇಳಿ ಬಿಡಿಸಿಕೊಳ್ತಿದ್ನಿ. ಅದಕ್ಕ ನಿನ್ನ ಕರದ್ನಿ. ನೀ ಸುಮ್ಮನ ಉಳಿ ತಂದು ಕುಂತಿ."

ಇದಕ್ಕೆ ಏನೆನ್ನುವುದು! ಮಾರುವವನು ಅವನು, ತಡೆಯಬೇಕಾದವನು ನಾನು. ಹದಿನೈದರ ಹುಡುಗನ ಹೆಗಲಿಗೆ ಇದನ್ನು ಹೊರಿಸಬಹುದೇ? ಇವತ್ತಿಗೂ ಆ ಮಾತು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಅದು ಅನ್ಯಾಯದ ಮಾತು. ಆದರೆ ಸುಳ್ಳಲ್ಲ. ಅವನು ನನ್ನನ್ನು ಅಷ್ಟು ಹೊತ್ತು ಏಕೆ ನೋಡಿದ್ದ ಎಂಬುದು ಈಗ ತಿಳಿದಿತ್ತು.

"ಹೋಗಿ ತಗೊಂಡ ಬಾ ಹಂಗಾರ" ಅಂದೆ. "ಇನ್ನೂ ಓಣಿ ದಾಟಿರೂದಿಲ್ಲ."

"ಹೆಸರ ಬಿದ್ದೈತಿ" ಅಂದ ಅಪ್ಪ. "ಸತ್ತವರ ಹೆಸರ ಬಿದ್ದದ್ದನ್ನ ಹೊಳ್ಳಿ ಕೊಡು ಅಂತ ಹ್ಯಾಂಗ ಕೇಳೂದು?"

ಆ ಹೆಸರನ್ನು ಹಾಕಿದವನು ನಾನೇ. ಗಾದಿಯ ಮೇಲೆ ಜೋಡಿ ಕಳಕೊಂಡ ಕಟ್ಟಿಗೆಯ ತಬಲಾ ಒಂದೇ ಉಳಿದಿತ್ತು, ಅದನ್ನು ಎತ್ತಿಕೊಂಡು ಒಳಗೆ ಹೋದೆ.

ಅಂದಿನಿಂದ ಅಪ್ಪ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ನನ್ನ ಸಾಮಾನನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿ ಕೀಲಿ ಜಡಿದೆ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡೆ. ಊಟಕ್ಕೆ ಕೂರುವಾಗ ಪೆಟ್ಟಿಗೆ ತೆರೆದು ನನ್ನ ತಾಟು ತೆಗೆಯುವುದು, ಉಂಡು ತೊಳೆದು ಮತ್ತೆ ಒಳಗಿಟ್ಟು ಕೀಲಿ ಹಾಕುವುದು. ಆ ಕೀಲಿಯ ಸದ್ದು ಅಪ್ಪನಿಗೆ ಕೇಳಲಿ ಎಂದೇ ಜೋರಾಗಿ ತಿರುವುತ್ತಿದ್ದೆ. ಅವ್ವ ನೋಡಿ ನೋಡಿ, "ಇದು ಮನಿಯೋ, ಧರ್ಮಶಾಲೆಯೋ" ಎಂದು ತಲೆ ಚಚ್ಚಿಕೊಂಡಳು. ಅಪ್ಪ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ಕೆಲವು ವಾರಗಳ ಮೇಲೆ ಅಪ್ಪ ಯಾರಿಗೂ ಹೇಳದೆ ಅಕ್ಕಲಕೋಟೆಗೆ ಹೋಗಿ ಬಂದ. ಕರೆಯದೆ ಅತ್ತೆಯ ಮನೆಯ ಬಾಗಿಲಿಗೆ ಹೋಗುವ ಅಳಿಯನಲ್ಲ ಅವನು, ಹಬ್ಬಕ್ಕೂ ಎರಡು ಸಲ ಹೇಳಿ ಕಳಿಸಬೇಕಿತ್ತು. ಹೋಗಿ ಮಾವನ ಮುಂದೆ ತಲೆ ಕೆಳಗೆ ಹಾಕಿ ಕೂತನಂತೆ. ಮಾರಿದೆ ಎಂದು ಬಾಯಿಬಿಟ್ಟು ಹೇಳಿದನಂತೆ. ಅಜ್ಜ ಬೈಯಲಿಲ್ಲ, ತಾಂಬಟನ ಮನೆಗೆ ಕರೆದುಕೊಂಡು ಹೋದ. ಇದೆಲ್ಲ ಅವ್ವ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ್ದು. ನನಗೆ ಆಗ ಕಂಡದ್ದು, ಬಗಲಲ್ಲಿ ಹೊಸ ಡಗ್ಗಾ ಹಿಡಿದು ಮೆಟ್ಟಿಲು ಹತ್ತಿದ ಅಪ್ಪ.

ಅದನ್ನು ಗಾದಿಯ ಮೇಲೆ ನನ್ನ ಜಾಗದಲ್ಲಿ ಇಟ್ಟ. "ಇದಕ್ಕ ನಿನ್ನ ಹೆಸರ ಹಾಕ್ಕೋ" ಅಂದ. ಅದನ್ನೊಮ್ಮೆ ಒರೆಸಿ, "ಹಗೂರ ಹಾಕು" ಅಂದ.

"ಆಮ್ಯಾಲ ಹಾಕ್ತೀನಿ" ಅಂದೆ ನಾನು.

ಹಾಕಲಿಲ್ಲ. ಮುಟ್ಟಲೂ ಇಲ್ಲ. ಒಂದು ಡಬ್ಬಿಗೆ ಇನ್ನೊಂದು ಡಬ್ಬಿ ಎಂಬ ಅವನ ಮಾತನ್ನು ಡಗ್ಗಾದ ವಿಷಯದಲ್ಲೂ ಒಪ್ಪಲು ನಾನು ತಯಾರಿರಲಿಲ್ಲ. ಮಾವನ ಮುಂದೆ ತಲೆ ತಗ್ಗಿಸಿ ತಂದದ್ದು ಎಂದು ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಕಸ ಹೊಡೆಯುವಾಗ ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಬೆಳಗಿನ ಬಾರಿಸುವಿಕೆ ನಿಂತಿತು. ಅಪ್ಪ ಪೂಜೆ ಮುಗಿಸಿ ಹೊಸ್ತಿಲ ತನಕ ಬಂದು ಹಾಗೇ ನಿಲ್ಲುತ್ತಿದ್ದ, ಆಮೇಲೆ ಕೆಮ್ಮದೆಯೇ ಅಂಗಡಿಗೆ ಬರುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ತಡವಳ ಎಂಬ ಹಳ್ಳಿಯವರು ಇಬ್ಬರು ಬಂದರು. ಆ ದಿನದ ಮೊದಲ ಗಿರಾಕಿಗಳು. ಒಬ್ಬ ಡಗ್ಗಾ ನೋಡಿ, ಎಷ್ಟಕ್ಕೆ ಕೊಡುತ್ತೀರಿ ಅಂದ. ನಾನು ಮೂಲೆಯಲ್ಲಿ ಕೂತು ತಂಬಿಗೆಗಳನ್ನು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ, ಇನ್ನೇನು ಕೊಟ್ಟ ಎಂದುಕೊಂಡು.

"ಅದ ಮಾರೂದಲ್ರಿ" ಅಂದ ಅಪ್ಪ. "ಹುಡುಗಂದೈತಿ."

ಅವರು ಬೇರೇನನ್ನೂ ಕೊಳ್ಳದೆ ಇಳಿದು ಹೋದರು. ಪಕ್ಕದ ಅಂಗಡಿಯವರು ಕತ್ತು ಉದ್ದ ಮಾಡಿ ನೋಡಿದರು. ಮದುವೆಯಾದ ಮೇಲೆ ಮೊದಲ ಸಲ ಗಂಡನ ಬಾಯಲ್ಲಿ ಆ ಮಾತು ಕೇಳಿ ಅವ್ವ ಒಳಗಿಂದ ಬಾಗಿಲಿಗೆ ಬಂದು ನಿಂತಳು. ಅಪ್ಪ ಯಾರ ಕಡೆಗೂ ನೋಡಲಿಲ್ಲ, ನನ್ನ ಕಡೆ ನೋಡಿದ. ಆಗ ನಾನು ಎದ್ದು ಹೋಗಿ ಅದರ ಮೇಲೆ ಒಂದು ಸಲ ಕೈ ಇಟ್ಟಿದ್ದರೆ ಸಾಕಿತ್ತು. ಬಾರಿಸಬೇಕಿರಲಿಲ್ಲ. ಮಾತಾಡಬೇಕಿರಲಿಲ್ಲ. ನಾನು ಇನ್ನೊಂದು ತಂಬಿಗೆ ಎತ್ತಿಕೊಂಡು ಒರೆಸಿದೆ. ಬದುಕಿನಲ್ಲಿ ನನಗೆ ಬೇರೆ ಪಶ್ಚಾತ್ತಾಪಗಳಿವೆ, ಇದರಷ್ಟು ಹಳೆಯದು ಇಲ್ಲ, ಇದರಷ್ಟು ನೋಯುವುದೂ ಇಲ್ಲ.

ಅದಾದ ಮೇಲೆ ಅಪ್ಪ ಒಂದು ದಿನವೂ ನನ್ನ ವಸ್ತುವಿಗೆ ಕೈ ಹಾಕಲಿಲ್ಲ. ನಾನು ಬಯಸಿದ್ದು ಅದನ್ನೇ, ಪೂರ್ತಿಯಾಗಿ ಸಿಕ್ಕಿತು. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನು ಬಿಸಿಲಲ್ಲಿ ಸ್ಟೇಶನ್ನಿನಿಂದ ನಡೆದು ಬಂದ. ಅವ್ವ ಮನೆಯಲ್ಲಿರಲಿಲ್ಲ. ಮಡಕೆಯ ಪಕ್ಕ ನೀರು ತುಂಬಿಟ್ಟ ನನ್ನ ಲೋಟವೊಂದೇ ಇತ್ತು. ಅಪ್ಪ ಅದಕ್ಕೆ ಕೈ ಚಾಚಿದ. ಬೆರಳಿಗೆ ಅಕ್ಷರ ತಾಗಿತೇನೋ, ಕೈ ಹಿಂದೆ ತೆಗೆದುಕೊಂಡ. ತುಟಿ ಒಣಗಿತ್ತು. ಓದುತ್ತ ಕೂತಿದ್ದ ನನ್ನ ಕಡೆ ತಿರುಗಿ, ಪರರ ಮನೆಯ ಅಂಗಳದಲ್ಲಿ ನಿಂತವನ ಹಾಗೆ ಕೇಳಿದ:

"ಇದು ನಿಂದೈತೇನು? ನಾ ಕುಡೀಲೇನು?"